ಬೆಳವಣಿಗೆಯ ವೈಕಲ್ಯವುಳ್ಳ ಮಕ್ಕಳಿಗೆ ಶಾಲಾ ನೆರವು ಮತ್ತು ಆಕ್ಯುಪೇಷನಲ್ ಥೆರಪಿ: ಹೊಸಕೆರೆಹಳ್ಳಿ ಹಾಗೂ ದಕ್ಷಿಣ ಬೆಂಗಳೂರು

ಆಟಿಸಂ, ಬೌದ್ಧಿಕ ವೈಕಲ್ಯ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ನಿರ್ದಿಷ್ಟ ಕಲಿಕಾ ನ್ಯೂನತೆ ಮೊದಲಾದವು ಹುಟ್ಟಿನಿಂದಲೋ ಎಳವೆಯಿಂದಲೋ ಮಗುವಿನ ನಡಿಗೆ, ಕೈಯ ಹಿಡಿತ, ಮಾತು, ಕಲಿಕೆ ಮತ್ತು ಒಡನಾಟದಲ್ಲಿ ತೊಡಕು ತರುತ್ತವೆ. ಇವನ್ನು ಒಟ್ಟಾಗಿ ಬೆಳವಣಿಗೆಯ ವೈಕಲ್ಯಗಳು ಎನ್ನುತ್ತಾರೆ. ಇಂಥ ಮಗು ಶಾಲೆಯಲ್ಲಿ ಉಳಿದು ಕಲಿಯುವುದಕ್ಕೆ ಬೇಕಾದ ಏರ್ಪಾಡುಗಳೇ ಶಾಲಾ ನೆರವು. ಉಣ್ಣುವುದು, ಉಡುವುದು, ಬರೆಯುವುದು, ಆಡುವುದು ಮುಂತಾದ ದಿನದ ಕೆಲಸಗಳನ್ನು ಮಗು ತನ್ನಿಂದಾದಷ್ಟು ತಾನೇ ಮಾಡಿಕೊಳ್ಳುವಂತೆ ಅಣಿಗೊಳಿಸುವ ಆರೋಗ್ಯ ಸೇವೆ ಆಕ್ಯುಪೇಷನಲ್ ಥೆರಪಿ. ಪೋಷಕರು ಇದನ್ನೂ ಇದನ್ನು ನಡೆಸುವ ಥೆರಪಿಸ್ಟರನ್ನೂ ಓಟಿ ಎಂದೇ ಕರೆಯುತ್ತಾರೆ.

ಗಿರಿನಗರ, ಕತ್ರಿಗುಪ್ಪೆ ಮತ್ತು ಬನಶಂಕರಿ 3ನೇ ಹಂತಕ್ಕೆ ಅಂಟಿಕೊಂಡಿರುವ ಹೊಸಕೆರೆಹಳ್ಳಿ, ಕೆರೆಯಂಚಿನ ಊರಾಗಿದ್ದದ್ದು ಹೊರವರ್ತುಲ ರಸ್ತೆ ಬಂದ ಮೇಲೆ ನಗರದೊಳಗೆ ಸೇರಿಹೋದ ಬಡಾವಣೆ. ಹಳೆಯ ಊರಿನ ಓಣಿಗಳು, ಅಪಾರ್ಟ್‌ಮೆಂಟ್‌ಗಳು, ಪಿಇಎಸ್ ವಿಶ್ವವಿದ್ಯಾಲಯದ ಕಟ್ಟಡಗಳು ಇಲ್ಲಿ ಒತ್ತೊತ್ತಾಗಿವೆ. ಇಲ್ಲಿಂದ ಬನಶಂಕರಿ, ಜಯನಗರ, ಜೆ.ಪಿ. ನಗರ ದಾಟಿ ಬಿಟಿಎಂ ಬಡಾವಣೆಯವರೆಗಿನ ಪಟ್ಟಿಯನ್ನು ನೋಡಿದರೆ ಕರ್ನಾಟಕದಲ್ಲಿ ಈ ಸೇವೆ ಹೇಗೆ ಹಂಚಿಹೋಗಿದೆ ಎಂಬುದು ತಿಳಿಯುತ್ತದೆ. ಕಾನೂನು ಶಾಲೆಯ ಮೇಲೆ ಹೊಣೆ ಹೊರಿಸಿದೆ. ಥೆರಪಿ ನಡೆಯುವುದು ಮಾತ್ರ ಬಹುಪಾಲು ಶಾಲೆಯ ಹೊರಗೆ, ಮನೆಯ ಮಹಡಿಯ ಮೇಲೋ ಅಂಗಡಿ ಸಾಲಿನ ಮೇಲಂತಸ್ತಿನಲ್ಲೋ ಇರುವ ಖಾಸಗಿ ಕೇಂದ್ರಗಳಲ್ಲಿ. ಎರಡೂ ಕಡೆ ಕೆಲಸ ನಡೆಯುತ್ತಿದೆ, ಆದರೆ ಒಂದು ಕಡೆ ನಡೆದದ್ದು ಇನ್ನೊಂದು ಕಡೆಗೆ ಗೊತ್ತಾಗುವುದಿಲ್ಲ. ಈ ಕ್ಷೇತ್ರದ ಹೆಚ್ಚಿನ ತೊಂದರೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಎಷ್ಟು ಮಕ್ಕಳು?

2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಲೆಕ್ಕ ಹಾಕಿತು. ಆ ಗಣತಿಯ ನಮೂನೆಯಲ್ಲಿ ಆಟಿಸಂಗಾಗಲಿ ಕಲಿಕಾ ನ್ಯೂನತೆಗಾಗಲಿ ಪ್ರತ್ಯೇಕ ಕಲಮು ಇರಲಿಲ್ಲ, ಹಾಗಾಗಿ ಶಾಲೆಯ ಯೋಜನೆಗೆ ಆ ಅಂಕಿ ಅಷ್ಟಾಗಿ ಒದಗುವುದಿಲ್ಲ. ಇದಕ್ಕಿಂತ ನಂಬಬಹುದಾದದ್ದು 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಅಧ್ಯಯನ. ಪಲ್ವಲ್, ಕಾಂಗ್ರಾ, ಢೆಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಈ ಅಧ್ಯಯನ, ನರಬೆಳವಣಿಗೆಯ ಒಂದಲ್ಲ ಒಂದು ತೊಡಕು ಹೆಚ್ಚುಕಡಿಮೆ ನೂರಕ್ಕೆ ಹನ್ನೆರಡು ಮಕ್ಕಳಲ್ಲಿದೆ ಎಂದು ಅಂದಾಜಿಸಿತು. ಕೇಳಿಸದಿರುವುದು ಮತ್ತು ಮೂರ್ಛೆರೋಗವೂ ಆ ಲೆಕ್ಕದಲ್ಲಿ ಸೇರಿವೆ. ಅವರಲ್ಲಿ ಸುಮಾರು ಐದನೇ ಒಂದು ಭಾಗದ ಮಕ್ಕಳಿಗೆ ಒಂದಕ್ಕಿಂತ ಹೆಚ್ಚು ತೊಡಕುಗಳಿದ್ದವು. ಐದು ತಾಣಗಳಲ್ಲಿ ಒಂದೂ ಕರ್ನಾಟಕದ್ದಲ್ಲ. ಹಾಗೆಂದು ನಮ್ಮ ತರಗತಿಗಳ ಸ್ಥಿತಿ ಬೇರೆಯಿದ್ದೀತು ಎಂದುಕೊಳ್ಳಲು ಕಾರಣವೂ ಇಲ್ಲ. ನಲವತ್ತು ಮಕ್ಕಳ ಕೋಣೆಯಲ್ಲಿ ಇಂಥ ನಾಲ್ಕೈದು ಮಕ್ಕಳು ಕುಳಿತಿರುತ್ತಾರೆ ಎಂದು ಶಿಕ್ಷಕರು ಎಣಿಸಿಕೊಂಡರೆ ತಪ್ಪಾಗದು.

ಹಿನ್ನೆಲೆ

ಭಾರತಕ್ಕೆ ಆಕ್ಯುಪೇಷನಲ್ ಥೆರಪಿಯ ಶಿಕ್ಷಣವನ್ನು ತಂದವರು ಅಮೆರಿಕದಲ್ಲಿ ಹುಟ್ಟಿ ಮುಂಬೈ ಸೇರಿದ ಕಮಲಾ ನಿಂಬ್‌ಕರ್. 1950ರಲ್ಲಿ ಅವರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆಯನ್ನು ಆರಂಭಿಸಿದರು. ಓಟಿಗಳ ಅಖಿಲ ಭಾರತ ಸಂಘ 1952ರಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಈ ಪದವಿಯ ಹಳೆಯ ನೆಲೆ ಮಣಿಪಾಲ. ಬೆಂಗಳೂರಿನ ಕೇಂದ್ರಗಳಲ್ಲಿ ಇಂದಿಗೂ ಮಣಿಪಾಲದಲ್ಲಿ ಓದಿದವರಿಗೂ ತಮಿಳುನಾಡಿನ ಕಾಲೇಜುಗಳಿಂದ ಬಂದವರಿಗೂ ಕೊರತೆಯಿಲ್ಲ.

ಮಗುವಿನ ಬೆಳವಣಿಗೆಯನ್ನು ಅಳೆಯುವ ಕೆಲಸ ಕನ್ನಡ ನಾಡಿನಲ್ಲಿ ಇದಕ್ಕೂ ಮೊದಲೇ ಶುರುವಾಗಿತ್ತು. 1930ರ ದಶಕದಲ್ಲಿ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆಯ ಹೆಸರು ಬೆಂಗಳೂರಿನ ಮಕ್ಕಳ ವರದಿಗಳಲ್ಲಿ ಈಗಲೂ ಕಾಣುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಮಕ್ಕಳ ಮನೋವೈದ್ಯ ವಿಭಾಗ ಇಡೀ ದಕ್ಷಿಣ ಭಾರತದ ಕುಟುಂಬಗಳು ಬರುವ ಜಾಗ.

ಸ್ವಯಂಸೇವಾ ಸಂಸ್ಥೆಗಳದ್ದು ಬೇರೆಯೇ ಎಳೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಲಿಂಗರಾಜಪುರದಲ್ಲಿದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಹುಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇರುವುದು ಇಂದಿರಾನಗರದಲ್ಲಿ. ಆಟಿಸಂಗೆ ಮೀಸಲಾದ ಆಶಾ ಶಾಲೆ ಬಸವೇಶ್ವರನಗರದಲ್ಲಿದೆ. ಪ್ರತಿಭಾ ಕಾರಂತ್ ಅವರು 2000ದಲ್ಲಿ ರೂಪಿಸಿದ ‘ಕಾಮ್ ಡೀಲ್’ ಕಾರ್ಯಕ್ರಮ, ಮಾತಿನ ಚಿಕಿತ್ಸಕರು, ಓಟಿಗಳು ಮತ್ತು ಮನಃಶಾಸ್ತ್ರಜ್ಞರು ಒಂದೇ ಕೋಣೆಯಲ್ಲಿ ಎಳೆಯ ಮಕ್ಕಳ ಜೊತೆ ಕೆಲಸ ಮಾಡುವ ಮಾದರಿಯನ್ನು ಬೆಳೆಸಿ, ಅವರನ್ನು ಸಾಮಾನ್ಯ ಶಾಲೆಗೆ ಸೇರಿಸುವುದನ್ನೇ ಗುರಿಯಾಗಿಟ್ಟುಕೊಂಡಿತು. ನಗರದ ದಕ್ಷಿಣಕ್ಕೆ ಬಂದರೆ ಜೆ.ಪಿ. ನಗರ 3ನೇ ಹಂತದಲ್ಲಿ 1969ರಿಂದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಅದೇ ಜೆ.ಪಿ. ನಗರದ ಸ್ನೇಹಧಾರಾ ಪ್ರತಿಷ್ಠಾನ ಸಂಗೀತ, ಕುಣಿತ, ನಾಟಕಗಳ ಮೂಲಕ ಇಂಥ ಮಕ್ಕಳೊಂದಿಗೆ ಕೆಲಸ ಮಾಡುತ್ತದೆ. ಹೆಸರಾಂತ ಹಳೆಯ ಸಂಸ್ಥೆಗಳಲ್ಲಿ ಹಲವು ನಗರದ ಪೂರ್ವ, ಉತ್ತರ, ಪಶ್ಚಿಮಗಳಲ್ಲೇ ಬೇರುಬಿಟ್ಟವು. ಹೊಸಕೆರೆಹಳ್ಳಿಯಂಥ ನೈಋತ್ಯದ ಬಡಾವಣೆಗಳವರಿಗೆ ಅವು ದೂರ.

ತಪಾಸಣೆಯಿಂದ ಕಾರ್ಡಿನವರೆಗೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳನ್ನು ನೋಡಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಖಾಸಗಿ ಶಿಶುವಿಹಾರಕ್ಕೆ ಹೋಗುವ ಮಗು ಈ ಜಾಲಕ್ಕೆ ಸಿಗುವುದೇ ಇಲ್ಲ. ಅಲ್ಲಿ ಮೊದಲು ಗುರುತಿಸುವವರು ಟೀಚರು, ಇಲ್ಲವೇ ಲಸಿಕೆ ಹಾಕುವ ಮಕ್ಕಳ ವೈದ್ಯರು. ‘ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ, ಅವರ ಅಪ್ಪನೂ ಹಾಗೇ ಇದ್ದ’ ಎಂಬ ಮನೆಯ ಹಿರಿಯರ ಸಮಾಧಾನ ಒಂದೆರಡು ವರ್ಷ ನುಂಗುವುದುಂಟು.

ದಕ್ಷಿಣ ಬೆಂಗಳೂರಿನ ಕುಟುಂಬಕ್ಕೆ ಸರ್ಕಾರಿ ಬಾಗಿಲುಗಳು ತಕ್ಕಮಟ್ಟಿಗೆ ಹತ್ತಿರವೇ ಇವೆ. ನಿಮ್ಹಾನ್ಸ್, ಅದರ ನೆರೆಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಎರಡೂ ಜಯನಗರದ ಮಗ್ಗುಲಲ್ಲಿವೆ. ಇನ್ನೂ ಮುಂದೆ ಹೋದರೆ, ಸರ್ಕಾರಿಯಲ್ಲದಿದ್ದರೂ, ಸೇಂಟ್ ಜಾನ್ಸ್ ಆಸ್ಪತ್ರೆಯ ‘ಯೂನಿಟ್ ಆಫ್ ಹೋಪ್’ ಇದೆ. ಇಂಥ ಕಡೆ ಆಗುವ ಮೌಲ್ಯಮಾಪನದಲ್ಲಿ ಆಟಿಸಂಗೆ ಇಸಾ ಮಾಪಕವನ್ನು ಬಳಸುತ್ತಾರೆ. ನಲವತ್ತು ಅಂಶಗಳ ಈ ಭಾರತೀಯ ಮಾಪಕದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ ಎಂದು ಲೆಕ್ಕ. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನೇ ಕೇಂದ್ರ ಸರ್ಕಾರ 2018ರ ಮಾರ್ಗಸೂಚಿಯಲ್ಲಿ ಗೊತ್ತುಮಾಡಿತು. ಇದರ ಪ್ರಮಾಣಪತ್ರ ಸಿಗುವುದು ಎಂಟು ವರ್ಷ ತುಂಬಿದ ಮೇಲೆಯೇ. ಹದಿನಾಲ್ಕಕ್ಕೆ ಮತ್ತು ಹದಿನೆಂಟಕ್ಕೆ ಮತ್ತೆ ಪರೀಕ್ಷೆಯಾಗಬೇಕು.

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಕೈಗೆ ಬಂದರೆ ಹಲವು ಸವಲತ್ತುಗಳು ತೆರೆದುಕೊಳ್ಳುತ್ತವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ವೆಚ್ಚ ಭರಿಸುತ್ತದೆ, ಥೆರಪಿಯ ಖರ್ಚೂ ಮಿತಿಯೊಳಗೆ ಅದರಲ್ಲಿ ಸೇರಿದೆ. ತಿಂಗಳು ತಿಂಗಳೂ ಥೆರಪಿಯ ಶುಲ್ಕ ಕಟ್ಟುವ ಮನೆಗಳಲ್ಲೂ ಈ ವಿಮೆಯ ಹೆಸರು ಕೇಳದವರಿದ್ದಾರೆ. ಇನ್ನೊಂದು ಕಡೆ ಕಾನೂನಿನದೇ ಕಂದಕವೊಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಡಕಾದ ಎಡಿಎಚ್‌ಡಿ ಇಲ್ಲ, ಕೈಕಾಲಿನ ಹೊಂದಾಣಿಕೆಯ ತೊಡಕೂ ಇಲ್ಲ. ಓಟಿ ಕೋಣೆಯಲ್ಲಿ ಇಂಥ ಮಕ್ಕಳು ಧಾರಾಳವಾಗಿ ಇದ್ದರೂ ಅಷ್ಟರಿಂದಲೇ ಅವರಿಗೆ ಪ್ರಮಾಣಪತ್ರ ಸಿಗದು.

ಓಟಿ ಮಾಡುವ ಕೆಲಸ

ಫಿಸಿಯೋಥೆರಪಿ ಸ್ನಾಯು ಮತ್ತು ಕೀಲುಗಳ ಚಲನೆಯನ್ನು ನೋಡುತ್ತದೆ, ಸ್ಪೀಚ್ ಥೆರಪಿ ಮಾತು ಮತ್ತು ಸಂವಹನವನ್ನು. ಓಟಿ ಕೇಳುವ ಪ್ರಶ್ನೆ ಬೇರೆ: ಈ ಮಗುವಿಗೆ ಇವತ್ತಿನ ದಿನ ಕಳೆಯಲು ಎಲ್ಲಿ ಅಡ್ಡಿಯಾಗುತ್ತಿದೆ? ಅಡ್ಡಿ ಮಗುವಿನ ಕೈಯಲ್ಲಿರಬಹುದು, ಕೆಲಸದ ವಿಧಾನದಲ್ಲಿರಬಹುದು, ಬೆಂಚಿನ ಎತ್ತರದಲ್ಲಿರಬಹುದು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ವೈಕಲ್ಯ ವರ್ಗೀಕರಣದ ತಿರುಳೂ ಇದೇ. ದೇಹದ ಕೊರತೆಯೊಂದನ್ನೇ ನೋಡದೆ, ಚಟುವಟಿಕೆ, ಪಾಲ್ಗೊಳ್ಳುವಿಕೆ ಮತ್ತು ಪರಿಸರವನ್ನು ಒಟ್ಟಿಗೆ ನೋಡಬೇಕು.

ಒಂದನೇ ತರಗತಿಯ ಮಗುವಿನ ದಿನವನ್ನೇ ತೆಗೆದುಕೊಳ್ಳೋಣ. ಯೂನಿಫಾರಂ ಗುಂಡಿ ಹಾಕಬೇಕು, ಶೂ ಕಟ್ಟಬೇಕು, ಪ್ರಾರ್ಥನೆಯ ಸಾಲಿನಲ್ಲಿ ಅಲುಗಾಡದೆ ನಿಲ್ಲಬೇಕು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು ಬೋರ್ಡು ನೋಡಿ ಬರೆದುಕೊಳ್ಳಬೇಕು. ಬಿಸಿಯೂಟದ ತಟ್ಟೆ ಹಿಡಿದು ಚೆಲ್ಲದೆ ನಡೆದು ಬಂದು ಅನ್ನ ಸಾರು ಕಲಸಿ ಉಣ್ಣಬೇಕು. ಶೌಚಾಲಯಕ್ಕೆ ಹೋಗಿ ತೊಳೆದುಕೊಂಡು ಬರಬೇಕು. ಮುಂಡದ ಸ್ನಾಯುಗಳು ಸಡಿಲವಿರುವ ಮಗುವಿಗೆ ಆಧಾರವಿಲ್ಲದೆ ನೆಲದ ಮೇಲೆ ಕೂರುವುದೇ ದೊಡ್ಡ ದುಡಿಮೆ, ಬರೆಯಲು ಶಕ್ತಿ ಉಳಿದಿರುವುದಿಲ್ಲ. ಗೋಡೆಗೆ ಒರಗಿ ಕೂರಿಸಿದರೆ, ಇಲ್ಲವೇ ಕಾಲು ನೆಲಕ್ಕೆ ಊರುವ ಕುರ್ಚಿ ಕೊಟ್ಟರೆ ಅಕ್ಷರ ಸುಧಾರಿಸುವುದನ್ನು ಕಂಡ ಶಿಕ್ಷಕರು ಇದನ್ನು ಒಪ್ಪುತ್ತಾರೆ. ಪೆನ್ಸಿಲ್ ಹಿಡಿತ ತಿದ್ದುವ ಮೊದಲು ಓಟಿಗಳು ಆಸನವನ್ನು ನೋಡುವುದು ಇದಕ್ಕೇ.

ಆಮದಾದ ಪ್ರಶ್ನಾವಳಿಗಳಲ್ಲಿ ಮಗು ಫೋರ್ಕು ಚಾಕು ಬಳಸುತ್ತದೆಯೇ ಎಂದು ಕೇಳಿರುತ್ತಾರೆ. ಕೈಯಲ್ಲಿ ಉಣ್ಣುವ ಮನೆಯಲ್ಲಿ ಅದಕ್ಕೆ ಉತ್ತರವಿಲ್ಲ. ಬೆರಳ ತುದಿಗಳಿಂದ ತುತ್ತು ಕಟ್ಟುವುದು, ಮುದ್ದೆ ಮುರಿದು ಸಾರಿಗೆ ಅದ್ದುವುದು, ಒಂದೇ ಕೈಯಲ್ಲಿ ಚಪಾತಿ ಹರಿಯುವುದು ಇವುಗಳಲ್ಲಿ ಎಷ್ಟು ನಯವಾದ ಹಿಡಿತವಿದೆಯೆಂಬುದು ನೋಡುವವರಿಗೆ ಗೊತ್ತು. ಒಳ್ಳೆಯ ಓಟಿ ಮನೆಗೆಲಸವನ್ನೇ ಅಭ್ಯಾಸವಾಗಿ ಕೊಡುತ್ತಾರೆ. ಚಳಿಗಾಲದಲ್ಲಿ ಅವರೆಕಾಯಿ ಸುಲಿಯುವುದು ಮತ್ತು ಹಿದುಕುವುದು, ಹಿಟ್ಟು ನಾದುವುದು, ಒಗೆದ ಬಟ್ಟೆಗೆ ಕ್ಲಿಪ್ ಹಾಕುವುದು, ಹೂ ಕಟ್ಟುವುದು, ಚುಕ್ಕಿ ಸೇರಿಸಿ ರಂಗೋಲಿ ಎಳೆಯುವುದು. ಆಟಗಳಲ್ಲೂ ಹಾಗೆಯೇ. ಅಳಗುಳಿಮಣೆಯಲ್ಲಿ ಹಿಡಿ ತುಂಬ ಹರಳು ತೆಗೆದು ಒಂದೊಂದಾಗಿ ಉದುರಿಸುವುದು ಬೆರಳುಗಳಿಗೆ ತಕ್ಕ ಕಸರತ್ತು. ಕುಂಟೆಬಿಲ್ಲೆಯಲ್ಲಿ ಸಮತೋಲನವೂ ಸರದಿ ಕಾಯುವುದೂ ಒಟ್ಟಿಗೆ ಬರುತ್ತವೆ. ಸಾವಿರಾರು ರೂಪಾಯಿಯ ಬಣ್ಣದ ಆಟಿಕೆಗಳಿಂದ ಸಿಗುವುದಕ್ಕೆ ಇವು ಕಡಿಮೆಯೇನಲ್ಲ, ಮೇಲಾಗಿ ಅಜ್ಜಿಗೂ ಆಡಿಸಲು ಬರುತ್ತದೆ.

ಸಂವೇದನೆಯ ವಿಷಯ ಇನ್ನೊಂದು ಬಗೆ. ಕುಕ್ಕರ್ ಸೀಟಿಗೆ ಕಿವಿ ಮುಚ್ಚುವ, ಸ್ವೆಟರಿನ ಉಣ್ಣೆ ತಾಗಿದರೆ ಅಳುವ, ಸದಾ ಕುಣಿಯುತ್ತ ತಿರುಗುತ್ತ ಇರುವ ಮಕ್ಕಳಿದ್ದಾರೆ. ಗಣೇಶನ ಹಬ್ಬದ ಡೋಲು, ದೀಪಾವಳಿಯ ಪಟಾಕಿ, ವರ್ತುಲ ರಸ್ತೆಯ ಹಾರನ್ನು ಇವರ ಪಾಲಿಗೆ ನಿಜವಾದ ನೋವು. ಶಾಲಾ ವಾರ್ಷಿಕೋತ್ಸವದ ದಿನ ಅತ್ತು ರಂಪ ಮಾಡಿದ ಮಗುವನ್ನು ಹಟಮಾರಿ ಎನ್ನುವ ಮೊದಲು ಸ್ಪೀಕರ್ ಎಲ್ಲಿತ್ತೆಂದು ನೋಡುವುದು ವಾಸಿ.

ಕನ್ನಡ ಬರಹದ ಕಷ್ಟ

ಬೆಂಗಳೂರಿನ ಕೇಂದ್ರಗಳಲ್ಲಿ ಬಳಸುವ ಬರವಣಿಗೆಯ ಕೈಪಿಡಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಲಿಪಿಗೆ ಮಾಡಿದಂಥವು. ಅವು ನೇರ ಗೆರೆಯಿಂದ ಶುರುವಾಗಿ ಓರೆ ಗೆರೆಗೆ, ಆಮೇಲೆ ಸುತ್ತಿಗೆ ಹೋಗುತ್ತವೆ. ಕನ್ನಡದಲ್ಲಿ ನೇರ ಗೆರೆಯೇ ಅಪರೂಪ, ಮೊದಲ ಅಕ್ಷರದಿಂದಲೇ ಸುತ್ತು ಬೇಕು. ಕೈ ಎತ್ತದೆ ಒಳಗೆ ತಿರುಗಿ ಹೊರಗೆ ಬಂದು ತಲೆಕಟ್ಟು ಎಳೆಯಬೇಕು. ಕಾಗುಣಿತದ ಗುರುತುಗಳು ಮೇಲೆ, ಬಲಕ್ಕೆ, ಕೆಳಗೆ ಹರಡಿಕೊಳ್ಳುತ್ತವೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ಪ’ಗೂ ‘ಫ’ಗೂ, ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಒಂದು ಪುಟ್ಟ ಸೀಳು ಗೆರೆ. ನೋಟ ಮತ್ತು ಕೈಯ ಹೊಂದಾಣಿಕೆ ಕುಂದಿದ ಮಗುವಿಗೆ ಆ ಗೆರೆ ಕಾಣುವುದಿಲ್ಲ, ಕಂಡರೂ ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಕನ್ನಡ ಓದಿನ ಕಲಿಕೆಯ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಮುಖ್ಯವಾಗುತ್ತದೆ. ಅಕ್ಷರಗಳ ಸಂಖ್ಯೆ ಮತ್ತು ಅವು ಕೂಡಿಕೊಳ್ಳುವ ರೀತಿಯಿಂದಾಗಿ ಕನ್ನಡ ಮಕ್ಕಳಿಗೆ ಅಕ್ಷರಜ್ಞಾನ ಪೂರ್ತಿಯಾಗಲು ಇಂಗ್ಲಿಷ್ ಅಕ್ಷರಮಾಲೆಗಿಂತ ಹೆಚ್ಚು ವರ್ಷ ಬೇಕು, ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ಅದು ತೋರಿಸಿತು. ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗುವಿಗೆ ಕಲಿಕಾ ನ್ಯೂನತೆಯ ಹಣೆಪಟ್ಟಿ ಹಚ್ಚುವ ಆತುರಕ್ಕೆ ಇದು ಕಡಿವಾಣ. ತೊಡಕು ನಿಜವಾಗಿ ಇರುವ ಮಗುವನ್ನು ‘ಇನ್ನೂ ಚಿಕ್ಕದು’ ಎಂದು ಬಿಟ್ಟುಬಿಡುವ ಅಪಾಯವೂ ಇದರ ಜೊತೆಗೇ ಇದೆ. ಮಗುವಿನ ಸಹಪಾಠಿಗಳು ಎಲ್ಲಿದ್ದಾರೆ ಎಂಬುದರ ಜೊತೆ ಹೋಲಿಸದೆ ತೀರ್ಮಾನಿಸಲಾಗದು.

ಸರ್ಕಾರಿ ಶಾಲೆಯ ನಲಿ-ಕಲಿ ಇಲ್ಲಿ ಖಾಸಗಿ ಶಾಲೆಗಳಿಗಿಂತ ಮುಂದಿದೆ ಎಂಬುದನ್ನು ಗಮನಿಸಿದವರು ಕಡಿಮೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದುದ್ದಕ್ಕೂ ಹಬ್ಬಿದ ಈ ಪದ್ಧತಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಕ್ರಮದಲ್ಲಿ, ಬರೆಯಲು ಸುಲಭವಾದ, ಆಕಾರದಲ್ಲಿ ನಂಟಿರುವ ಅಕ್ಷರಗಳಿಂದ ಶುರುವಾಗುತ್ತದೆ. ಕೈಯ ಚಲನೆಯನ್ನು ಹಂತಹಂತವಾಗಿ ಕಟ್ಟುವ ಓಟಿಯ ದಾರಿಯೂ ಇದೇ. ಮಗು ತನ್ನ ಮೆಟ್ಟಿಲಿನಲ್ಲಿ ತನ್ನ ವೇಗದಲ್ಲಿ ಏರುವ ಕಲಿಕಾ ಏಣಿ, ಚಿಕ್ಕ ಗುಂಪುಗಳು, ಕಾರ್ಡುಗಳು, ಹಾಡು ಇವೆಲ್ಲ ನಿಧಾನವಾಗಿ ಕಲಿಯುವ ಮಗುವಿಗೆ ಅನುಕೂಲವೇ. ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡಿಕೊಳ್ಳುವಾಗ ಆ ಅನುಕೂಲ ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು.

ಬರೆಯಲು ಬಾರದ ಮಗುವಿಗೆ ಬೇರೆ ದಾರಿಗಳಿವೆ. ದಪ್ಪ ಪೆನ್ಸಿಲ್, ಓರೆ ಹಲಗೆ, ಅಗಲ ಸಾಲಿನ ಪುಸ್ತಕ, ಬೋರ್ಡಿನ ಬದಲು ಮೇಜಿನ ಮೇಲೆಯೇ ಇಟ್ಟ ಮಾದರಿ ಹಾಳೆ, ಬಾಯಿಮಾತಿನ ಉತ್ತರ, ಫೋನಿನಲ್ಲಿ ಕನ್ನಡ ಟೈಪಿಂಗ್ ಇಲ್ಲವೇ ಮಾತನ್ನು ಬರಹಕ್ಕಿಳಿಸುವ ಸೌಲಭ್ಯ. ಎಷ್ಟು ಕಾಲ ಕೈಬರಹಕ್ಕೆ ದುಡಿಯಬೇಕು, ಯಾವಾಗ ಕೀಬೋರ್ಡಿಗೆ ಹೋಗಬೇಕು ಎಂಬುದರಲ್ಲಿ ಪೋಷಕರಿಗೂ ಥೆರಪಿಸ್ಟಿಗೂ ಜಗಳ ಬೀಳುವುದುಂಟು. ದುಂಡಗಿನ ಅಕ್ಷರದ ಮೇಲೆ ನಮ್ಮವರಿಗಿರುವ ಮೋಹ ಸಣ್ಣದಲ್ಲ.

ಶಾಲೆಯೊಳಗಿನ ನೆರವು

ಕಾನೂನಿನ ಏಣಿ ಎತ್ತರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಈ ಮಕ್ಕಳನ್ನು ಅವಕಾಶವಂಚಿತ ಗುಂಪಿಗೆ ಸೇರಿಸಿತು, ತೀವ್ರ ಬಹುವೈಕಲ್ಯ ಇರುವವರಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಆಯ್ಕೆ ಕೊಟ್ಟಿತು. 2016ರ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 31ನೇ ಸೆಕ್ಷನ್ ಪ್ರಕಾರ ಶೇ 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಯ ಶಾಲೆಯಲ್ಲೋ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು. 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. ಅಮೆರಿಕದಲ್ಲಿ 1975ರ ಕಾನೂನು ಓಟಿಯನ್ನು ಶಾಲೆಯೇ ಒದಗಿಸಬೇಕಾದ ಸೇವೆಗಳಲ್ಲಿ ಸೇರಿಸಿತು. ನಮ್ಮ ಕಾಯ್ದೆ ಓಟಿಯನ್ನು ಹಾಗೆ ಶಾಲೆಯ ಕರ್ತವ್ಯವಾಗಿ ಹೆಸರಿಸಿಲ್ಲ. ಓಟಿಗಳು ಶಾಲೆಯ ಹೊರಗೇ ಉಳಿಯಲು ಇದೂ ಒಂದು ಕಾರಣ.

ಸರ್ಕಾರಿ ಶಾಲೆಗಳಲ್ಲಿ ಈ ಕೆಲಸ 2018ರಿಂದ ಸಮಗ್ರ ಶಿಕ್ಷಣದ ಅಡಿಯಲ್ಲಿದೆ. ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕದಲ್ಲಿ ಹಣ ನಿಗದಿಯಾಗುತ್ತದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ ಹತ್ತು ತಿಂಗಳು ಶಿಷ್ಯವೇತನ ಉಂಟು. ಕೆಳಹಂತದಲ್ಲಿ ಇದನ್ನು ನಡೆಸುವವರು ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಇಲಾಖೆಯ ಬಾಯಲ್ಲಿ ‘ಬಿಐಇಆರ್‌ಟಿ’ಗಳು. ವೈದ್ಯಕೀಯ ತಪಾಸಣಾ ಶಿಬಿರ ನಡೆಸುವುದು, ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣಸಾಧನ ಕೊಡಿಸುವುದು, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ ನೋಡಿಕೊಳ್ಳುವುದು, ಶಿಕ್ಷಕರಿಗೆ ತರಬೇತಿ ಕೊಡುವುದು ಎಲ್ಲವೂ ಅವರ ಮೇಲೆಯೇ. ಒಂದು ಬ್ಲಾಕಿನ ಎಲ್ಲ ಶಾಲೆಗಳಿಗೆ ಇಂಥ ಕೆಲವೇ ಜನ. ಒಬ್ಬ ಮಗುವಿನ ಪೆನ್ಸಿಲ್ ಹಿಡಿತ ನೋಡಲು ಪ್ರತಿ ವಾರ ಬರುವುದು ಅವರಿಂದಾಗದು. 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಕಾಯಂ ಹುದ್ದೆ ಸೃಷ್ಟಿಸುವಂತೆ ಹೇಳಿತು. ಬಳಿಕ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ಎಂಬ ಅನುಪಾತ ಗೊತ್ತಾಯಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳ ಅಧಿಸೂಚನೆ ಹೊರಡಿಸುವಂತೆ ಕೋರ್ಟು ರಾಜ್ಯಗಳಿಗೆ ಮತ್ತೆ ನೆನಪಿಸಬೇಕಾಯಿತು.

ಖಾಸಗಿ ಶಾಲೆಗಳ ಬಗೆ ಬೇರೆ. ಕೆಲವದರಲ್ಲಿ ಸಂಪನ್ಮೂಲ ಕೋಣೆ ಇದೆ, ಸ್ಪೆಷಲ್ ಎಜುಕೇಟರ್ ಇದ್ದಾರೆ. ಮಗುವಿನ ಪಕ್ಕದಲ್ಲೇ ಕೂರುವ ಶ್ಯಾಡೋ ಟೀಚರನ್ನು ಪೋಷಕರೇ ಸಂಬಳ ಕೊಟ್ಟು ಕಳಿಸಬೇಕೆಂಬ ಷರತ್ತೂ ಹಲವೆಡೆ ಇದೆ. ಶ್ಯಾಡೋ ಟೀಚರ್ ಸದಾ ಪಕ್ಕದಲ್ಲಿದ್ದರೆ ತರಗತಿಯ ಶಿಕ್ಷಕರು ಆ ಮಗುವಿನ ಕಡೆ ನೋಡುವುದನ್ನೇ ಬಿಡುತ್ತಾರೆ, ಸಹಪಾಠಿಗಳು ಹತ್ತಿರ ಸುಳಿಯುವುದಿಲ್ಲ. ಏನು ಕಲಿಸಿ ಯಾವಾಗ ಹಿಂದೆ ಸರಿಯಬೇಕೆಂಬ ಯೋಜನೆ ಬರಹದಲ್ಲಿ ಇಲ್ಲದಿದ್ದರೆ ಆ ನೆರವು ಕಾವಲಾಗಿಬಿಡುತ್ತದೆ.

ವೈಯಕ್ತಿಕ ಶಿಕ್ಷಣ ಯೋಜನೆ ಎಂಬ ದಾಖಲೆ ಇದಕ್ಕಾಗಿಯೇ ಇರುವುದು. ‘ಏಕಾಗ್ರತೆ ಹೆಚ್ಚಿಸುವುದು’ ಎಂದು ಬರೆದಿಟ್ಟ ಗುರಿಯನ್ನು ಯಾರೂ ಅಳೆಯಲಾರರು. ‘ದಸರೆ ರಜೆಯ ಹೊತ್ತಿಗೆ ಊಟದ ಡಬ್ಬಿಯನ್ನು ಯಾರ ಸಹಾಯವೂ ಇಲ್ಲದೆ ತೆರೆದು ಮುಚ್ಚುವುದು’ ಎಂದು ಬರೆದರೆ ಟೀಚರಿಗೂ ಅಮ್ಮನಿಗೂ ಥೆರಪಿಸ್ಟಿಗೂ ಕೆಲಸ ಗೊತ್ತಾಗುತ್ತದೆ. ಕೆನಡಾದಲ್ಲಿ ಶೆರಿಲ್ ಮಿಸ್ಸಿಯೂನಾ ಅವರ ಬಳಗ ರೂಪಿಸಿದ ಮಾದರಿಯೊಂದರಲ್ಲಿ ಓಟಿ ಮಗುವನ್ನು ಬೇರೆ ಕೋಣೆಗೆ ಕರೆದೊಯ್ಯುವುದಿಲ್ಲ. ತರಗತಿಯಲ್ಲೇ ಇದ್ದು ಶಿಕ್ಷಕರ ಜೊತೆ ಕೆಲಸ ಮಾಡುತ್ತಾರೆ, ಪ್ರಮಾಣಪತ್ರ ಇಲ್ಲದ ಮಕ್ಕಳಿಗೂ ಅದರ ಲಾಭ ಸಿಗುತ್ತದೆ. ಓಟಿಗಳೇ ಕಡಿಮೆಯಿರುವ ನಮ್ಮಂಥ ಕಡೆ ಇದು ಹೆಚ್ಚು ಹೊಂದುವ ದಾರಿ.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಮನೆಯ ಚಿಂತೆ ಪರೀಕ್ಷೆಯ ಕಡೆ ತಿರುಗುತ್ತದೆ. ಮೂರು ಭಾಷೆ, ಮೂರು ವಿಷಯ, ಒಟ್ಟು 625 ಅಂಕ. ಅರ್ಹ ಮಕ್ಕಳಿಗೆ ಭಾಷಾ ವಿನಾಯಿತಿ ಇದೆ, ಬರೆದುಕೊಡುವವರ ನೆರವಿದೆ. 2018ರ ಕೇಂದ್ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಮಂಡಳಿಯ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರ, ವಿಜ್ಞಾನದ ದಿನವೇ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದು ನಮೂದಾಗಿರುವುದು ಹೆಚ್ಚಿನವರ ಕಣ್ಣಿಗೆ ಬಿದ್ದಿರುವುದಿಲ್ಲ. ಅವು ಇಂಥ ಮಕ್ಕಳಿಗಿರುವ ಪರ್ಯಾಯ ವಿಷಯಗಳು. ಹತ್ತನೇ ತರಗತಿಯಲ್ಲಿ ಅರ್ಜಿ ಹಿಡಿದು ಓಡುವುದಕ್ಕಿಂತ ಎಂಟನೆಯಲ್ಲೇ ದಾಖಲೆ ಸಿದ್ಧವಿಟ್ಟುಕೊಂಡವರಿಗೆ ಇದು ಸಲೀಸು. ಇದೂ ಆಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಐದು ವಿಷಯ ಆರಿಸಿಕೊಂಡು, ಒಂದೊಂದಾಗಿ ಬರೆದು ಮುಗಿಸಬಹುದು.

ವಿವಾದಗಳು

ಸಂವೇದನಾ ಸಂಯೋಜನೆ, ಅಂದರೆ ಸೆನ್ಸರಿ ಇಂಟಿಗ್ರೇಷನ್, ಎಂಬ ಸಿದ್ಧಾಂತ ಅಮೆರಿಕದ ಎ. ಜೀನ್ ಏರ್ಸ್ ಅವರದು. ಅವರ ಮುಖ್ಯ ಗ್ರಂಥ ಬಂದದ್ದು 1972ರಲ್ಲಿ. ತೂಗುಯ್ಯಾಲೆ, ಚೆಂಡಿನ ಕೊಳ, ಬ್ರಷ್, ತೂಕದ ಜಾಕೆಟ್ ಇವೆಲ್ಲ ಈ ದಾರಿಯಿಂದ ಬಂದವು. ಬೆಂಗಳೂರಿನ ಬಹಳಷ್ಟು ಪೋಷಕರಿಗೆ ಓಟಿ ಎಂದರೆ ಇದೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಇದರ ಪರಿಣಾಮದ ಪುರಾವೆ ಸೀಮಿತ, ಅದನ್ನು ಪೋಷಕರಿಗೆ ಹೇಳಬೇಕು ಎಂದಿತು. ನಂತರದ ಕೆಲವು ಅಧ್ಯಯನಗಳು ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಸ್ವಲ್ಪ ಅನುಕೂಲಕರ ಫಲಿತಾಂಶ ಕೊಟ್ಟಿವೆ, ತೂಕದ ಜಾಕೆಟ್ಟಿನಂಥವುಗಳ ಪರವಾಗಿ ಗಟ್ಟಿ ಪುರಾವೆ ಇಲ್ಲ. ಇದಕ್ಕೆ ಹೋಲಿಸಿದರೆ, ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟು ಅದನ್ನೇ ಅಭ್ಯಾಸ ಮಾಡಿಸುವ ಪದ್ಧತಿಗಳಿಗೆ ಬೆಂಬಲ ಹೆಚ್ಚು. ಉಯ್ಯಾಲೆಯಲ್ಲಿ ಖುಷಿಯಾಗಿರುವ ಮಗುವನ್ನು ಕಂಡು ಹಿಗ್ಗುವುದು ಸಹಜ. ಕೇಳಬೇಕಾದದ್ದು, ಇದರಿಂದ ಗುಂಡಿ ಹಾಕಲು ಬಂತೇ, ತರಗತಿಯಲ್ಲಿ ಕೂರಲು ಬಂತೇ ಎಂದು. ‘ಆಟಿಸಂ ಗುಣಪಡಿಸುತ್ತೇವೆ’ ಎಂಬ ಫಲಕ ಹಾಕಿದ ಕೇಂದ್ರದಿಂದ ದೂರವಿರುವುದೇ ಲೇಸು.

ನೋಂದಣಿಯದು ಇನ್ನೊಂದು ಗೊಂದಲ. ವಿಶೇಷ ಶಿಕ್ಷಕರು, ಮಾತಿನ ಚಿಕಿತ್ಸಕರು, ಕ್ಲಿನಿಕಲ್ ಮನಃಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಓಟಿಗಳು ಆ ಪಟ್ಟಿಯಲ್ಲಿಲ್ಲ. ಬಹುಕಾಲ ಕರ್ನಾಟಕದಲ್ಲಿ ಅವರಿಗೆ ಸಂಘದ ಸದಸ್ಯತ್ವವೇ ಗುರುತಾಗಿತ್ತು. ಕಿರು ಕೋರ್ಸು ಮುಗಿಸಿದವರೂ ಥೆರಪಿಸ್ಟ್ ಎಂದು ಹೇಳಿಕೊಳ್ಳಲು ಇದರಿಂದ ಎಡೆಯಾಯಿತು. ಸಂಸತ್ತು 2021ರಲ್ಲಿ ಒಪ್ಪಿದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಓಟಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಪದವಿ ಎಲ್ಲಿಯದು ಎಂದು ಪೋಷಕರು ಕೇಳುವುದು ಅವಮಾನವೇನಲ್ಲ, ಕೇಳಲೇಬೇಕು.

ದೂರ, ಖರ್ಚು, ಭಾಷೆ

ಹೊಸಕೆರೆಹಳ್ಳಿಯಿಂದ ನಿಮ್ಹಾನ್ಸ್‌ಗೆ ಹೋಗುವ ತಾಯಿಗೆ ಮಗು, ಚೀಲ, ನೀರಿನ ಬಾಟಲಿ ಹಿಡಿದು ಬಸ್ಸು ಬದಲಿಸಿ ಸಂಜೆಯ ವಾಹನ ಸಾಲಿನಲ್ಲಿ ಸಿಕ್ಕಿಕೊಳ್ಳುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಮುಕ್ಕಾಲು ಗಂಟೆಯ ಥೆರಪಿಗೆ ಅರ್ಧ ದಿನದ ಕೂಲಿ ಬಿಡಲಾಗದ ಗಾರ್ಮೆಂಟ್ಸ್ ನೌಕರರು, ಮನೆಗೆಲಸದವರು ಎರಡು ತಿಂಗಳಲ್ಲಿ ನಿಲ್ಲಿಸಿಬಿಡುತ್ತಾರೆ. ಇದನ್ನು ಪೋಷಕರ ಉದಾಸೀನ ಎಂದು ಬರೆದುಕೊಳ್ಳುವುದು ಅನ್ಯಾಯ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮ್ಮ ಮೆಟ್ರೊ ಮೂರನೇ ಹಂತದ ಜೆ.ಪಿ. ನಗರ–ಕೆಂಪಾಪುರ ಮಾರ್ಗದಲ್ಲಿ ಹೊಸಕೆರೆಹಳ್ಳಿ ನಿಲ್ದಾಣವಿದೆ. ಅದು ಬರುವವರೆಗೆ, ಬಂದ ಮೇಲೂ, ವಾರಕ್ಕೊಮ್ಮೆ ಶಾಲೆಗೇ ಬರುವ ಓಟಿಯೊಬ್ಬರಿಂದ ಆಗುವ ಉಪಕಾರ ದೊಡ್ಡದು.

ಭಾಷೆಯೂ ಇಲ್ಲಿ ಅಡ್ಡ ಬರುತ್ತದೆ. ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಅಥವಾ ತಮಿಳು, ಥೆರಪಿಯಲ್ಲಿ ಇಂಗ್ಲಿಷ್. ಮಾತು ತಡವಾದ ಮಗುವಿನ ಜೊತೆ ಒಂದೇ ಭಾಷೆ, ಅದೂ ಇಂಗ್ಲಿಷೇ ಆಡಬೇಕು ಎಂಬ ಸಲಹೆ ಕೆಲವೆಡೆ ಇನ್ನೂ ಚಾಲ್ತಿಯಲ್ಲಿದೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ಅಜ್ಜಿಗೆ ಬಾರದ ಭಾಷೆಯನ್ನು ಮನೆಗೆ ಹೇರಿದರೆ ಮಗುವಿನೊಡನೆ ಮಾತಾಡುವವರಲ್ಲಿ ಒಬ್ಬರು ಕಡಿಮೆಯಾದಂತೆಯೇ ಸರಿ. ಬಿಡಿಸಿ ಹೇಳಿದ ಮನೆಪಾಠ, ಅಂದರೆ ಹೋಮ್ ಪ್ರೋಗ್ರಾಂ, ಕನ್ನಡದಲ್ಲಿ ಬರೆದು ಕೊಡುವ ಕೇಂದ್ರಗಳು ಬೆಂಗಳೂರಿನಲ್ಲಿಯೂ ವಿರಳ.

ಜಿಲ್ಲೆಗಳ ಕಡೆ ಹೊರಟರೆ ಚಿತ್ರ ಇನ್ನೂ ತೆಳು. ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರ, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಮಣಿಪಾಲ ಬಿಟ್ಟರೆ ಒಂದೇ ಸೂರಿನಡಿ ಹಲವು ಥೆರಪಿ ಸಿಗುವ ಜಾಗಗಳು ಕೆಲವೇ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಗರದಲ್ಲಿ ಅವರದೇ ಕೆಲಸ ಮಾಡುವ ನಗರ ಪುನರ್ವಸತಿ ಕಾರ್ಯಕರ್ತರು ಕಾರ್ಡು, ಪಿಂಚಣಿ, ಬಸ್ ಪಾಸಿನ ಅರ್ಜಿಗಳನ್ನು ಮುಂದೆ ನೂಕುತ್ತಾರೆ. ವಿಶೇಷ ಶಾಲೆಗಳಿಗೆ ಮಗುವಿನ ತಲೆಲೆಕ್ಕದಲ್ಲಿ ಅನುದಾನ ಕೊಡುವ ಶಿಶು ಕೇಂದ್ರಿತ ಸಹಾಯಧನ ಯೋಜನೆಯೂ ಇದೆ.

ಹದಿನೆಂಟು ತುಂಬಿದ ದಿನ ಬೇರೊಂದು ಕಡತ ತೆರೆಯುತ್ತದೆ. ಸ್ವತಂತ್ರವಾಗಿ ವ್ಯವಹರಿಸಲಾಗದ ಮಗನಿಗೋ ಮಗಳಿಗೋ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಮಕ್ಕಳ ವಿಭಾಗದ ಓಟಿಯ ಹಾಜರಿ ಪಟ್ಟಿಯಿಂದ ಹೆಸರು ಬಿದ್ದುಹೋಗುವುದೂ ಸಾಮಾನ್ಯವಾಗಿ ಇದೇ ವಯಸ್ಸಿನಲ್ಲಿ. ಅಡುಗೆ, ಹಣದ ಲೆಕ್ಕ, ಬಸ್ ಪ್ರಯಾಣ, ಮುಟ್ಟಿನ ದಿನಗಳ ನಿಗಾ, ಕೆಲಸದ ಜಾಗದ ರೀತಿನೀತಿ ಮೊದಲಾದವನ್ನು ಕಲಿಸುವ ಕಾರ್ಯಕ್ರಮಗಳು ದಕ್ಷಿಣ ಬೆಂಗಳೂರಿನಲ್ಲಿ ಎಳೆಯ ಮಕ್ಕಳ ಥೆರಪಿ ಕೇಂದ್ರಗಳಿಗಿಂತ ಬಹಳ ಕಡಿಮೆ ಇವೆ.